ನ್ಯೂ ಟ್ರಿಯರ್ ಪ್ರೌಢಶಾಲೆ

ಅಮೆರಿಕ ಸಂಯುಕ್ತ ಸಂಸ್ಥಾನಗಳ ಇಲಿನಾಯ್ ರಾಜ್ಯದಲ್ಲಿ, ಷಿಕಾಗೊ ಮಹಾನಗರದ ಉತ್ತರಕ್ಕೆ ಮಿಷಿಗನ್ ಸರೋವರದ ದಂಡೆಯುದ್ದಕ್ಕೂ ಹಬ್ಬಿರುವ ಉಪನಗರಗಳ ಮಕ್ಕಳಿಗಾಗಿ 1901ರಲ್ಲಿ ಆರಂಭವಾದ ಸಾರ್ವಜನಿಕ ಪ್ರೌಢಶಾಲೆ. ಮುಖ್ಯ ಭವನವಿರುವುದು ಷಿಕಾಗೊದ ನಡುಭಾಗದಿಂದ ಸುಮಾರು 16 ಮೈಲಿ ದೂರದ ವಿನೆಟ್ಕಾದಲ್ಲಿ. ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಮೀಸಲಾದ ಎರಡನೆಯ ಭವನವಿರುವುದು ಅಲ್ಲಿಂದ ಪಶ್ಚಿಮಕ್ಕಿರುವ ನಾರ್ತ್‌ಫೀಲ್ಡಿನಲ್ಲಿ. ಎರಡೂ ಕಡೆ ಸೇರಿ ಸುಮಾರು 4,000 ಮಂದಿ ವ್ಯಾಸಂಗ ಮಾಡುತ್ತಾರೆ. ಹದಿನಾಲ್ಕರಿಂದ ಹದಿನೆಂಟರ ಪ್ರಾಯದ ಈ ಮಕ್ಕಳ ನಾಲ್ಕು ವರ್ಷಗಳ ಶಿಕ್ಷಣ ನಮ್ಮ ಒಂಬತ್ತನೆಯ ತರಗತಿಯಿಂದ ಪದವಿಪೂರ್ವ ಎರಡನೆಯ ವರ್ಷದವರೆಗಿನ ಓದಿಗೆ ಸಮಾನವೆನ್ನಬಹುದು, ಆದರೆ ಎಸ್.ಎಸ್.ಎಲ್.ಸಿ.ಯಂತೆ ರಾಜ್ಯಕ್ಕೆಲ್ಲ ಒಂದೇ ಆಗಿದ್ದು ವಿದ್ಯಾರ್ಥಿಯ ಬಾಳಿನ ದಿಕ್ಕನ್ನು ಕೆಲವೇ ದಿನಗಳಲ್ಲಿ ನಿಶ್ಚಯಿಸಿಬಿಡುವ ಪರೀಕ್ಷೆ ಅಲ್ಲಿಲ್ಲ. ನಾಲ್ಕು ವರ್ಷ ಗಳಿಸಿದ ಅಂಕಗಳು, ಉಪಾಧ್ಯಾಯರ ಶಿಫಾರಸು, ಪಾಠೇತರ ಸಾಧನೆ, ಕಾಲೇಜು ಪ್ರವೇಶಕ್ಕೆಂದು ಖಾಸಗಿ ಮಂಡಲಿಗಳು ನಡೆಸುವ ಪರೀಕ್ಷೆಗಳ ಫಲ ಇವೆಲ್ಲವನ್ನೂ ಒಟ್ಟಿಗೆ ತೂಗಿ ನೋಡುವುದು ಅಲ್ಲಿಯ ರೂಢಿ.

ಉಪನಗರಗಳ ಪ್ರೌಢಶಾಲೆಗಳು ಆ ದೇಶದಲ್ಲಿ ಸಾವಿರಾರು ಇದ್ದರೂ ಪ್ರಶಂಸೆಗೂ ಆಕ್ಷೇಪಕ್ಕೂ ಇದರಷ್ಟು ಸಲ ಉದಾಹರಣೆಯಾದುವು ವಿರಳ. ತೆರಿಗೆಯ ಹಣದಿಂದ ನಡೆಯುವ, ಬೋಧನಶುಲ್ಕವಿಲ್ಲದ ಶಾಲೆಯೊಂದು ಎಷ್ಟು ಎತ್ತರಕ್ಕೆ ಏರಬಲ್ಲುದೆಂದು ತೋರಿಸಬೇಕಾದವರು ಇದರ ಕಡೆಗೆ ಬೊಟ್ಟುಮಾಡಿದ್ದಾರೆ. ಆ ಎತ್ತರ ನೆರೆಯ ನಗರದ ಮಕ್ಕಳಿಗೆ ಏಕೆ ದಕ್ಕದೆಂದು ಕೇಳಬೇಕಾದವರೂ ಇದರ ಬಾಗಿಲಿಗೇ ಬಂದಿದ್ದಾರೆ. ಈ ಎರಡು ಬಗೆಯ ಪ್ರಸಿದ್ಧಿಗಳನ್ನು ಪ್ರತ್ಯೇಕವಾಗಿ ವಿವರಿಸುವುದು ಸಾಧ್ಯವಿಲ್ಲ. ಶಾಲೆಯ ಒಳಗೆ ನಡೆದ ಒಳ್ಳೆಯ ಕೆಲಸವೂ ಶಾಲೆಯ ಹೊರಗೆ ಎಳೆದ ಗಡಿಯೂ ಒಂದನ್ನೊಂದು ಪೋಷಿಸಿದುವೆಂಬುದೇ ಇದರ ಇತಿಹಾಸ.

ಹೆಸರು ಜರ್ಮನಿಯ ಟ್ರಿಯರ್ ನಗರದಿಂದ ಬಂದುದು. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಆ ಪ್ರಾಂತದಿಂದ ವಲಸೆ ಬಂದ ಕ್ಯಾಥೊಲಿಕ್ ರೈತರು ಸರೋವರದ ಸಮೀಪದ ನೆಲವನ್ನು ಸಾಗುವಳಿಗೆ ತಂದು, 1850ರಲ್ಲಿ ಟೌನ್‌ಷಿಪ್ ಎಂಬ ಸ್ಥಳೀಯ ಆಡಳಿತ ವಿಭಾಗ ಏರ್ಪಟ್ಟಾಗ ತವರನ್ನು ನೆನೆದು ನ್ಯೂ ಟ್ರಿಯರ್ ಎಂದು ಕರೆದರು. ರೋಮನರ ಕಾಲದಲ್ಲಿ ಆ ಜರ್ಮನ್ ನಗರದ ಸುತ್ತ ನೆಲೆಸಿದ್ದ ಟ್ರೆವೆರಿ ಬುಡಕಟ್ಟಿನ ಸ್ಮರಣೆಯಿಂದ ಶಾಲೆಯ ಕ್ರೀಡಾತಂಡಗಳಿಗೆ ಇಂದು ಟ್ರೆವಿಯನ್ಸ್ ಎಂಬ ಹೆಸರಿದೆ. ಕಾರ್ಲ್ ಮಾರ್ಕ್ಸ್ 1818ರಲ್ಲಿ ಜನಿಸಿದುದು ಆ ಟ್ರಿಯರಿನಲ್ಲಿಯೇ. ಅಮೆರಿಕದ ಪರಮ ಶ್ರೀಮಂತ ನೆರೆಹೊರೆಗಳಲ್ಲಿ ಒಂದಾದ ಈ ಸೀಮೆಗೆ ಅದೇ ಊರಿನ ಹೆಸರು ಅಂಟಿಕೊಂಡಿರುವುದು ಚರಿತ್ರೆಯ ವಿನೋದಗಳಲ್ಲಿ ಒಂದೆಂದೇ ತೋರುತ್ತದೆ.

ರೈತರ ಸೀಮೆಯನ್ನು ಉಪನಗರವಾಗಿ ಮಾರ್ಪಡಿಸಿದುದು ರೈಲು. ಷಿಕಾಗೊದಿಂದ ಮಿಲ್ವಾಕಿಗೆ ಹೋಗುವ ಮಾರ್ಗ 1855ರಲ್ಲಿ ತೆರೆದ ಮೇಲೆ, ಹಗಲಿನಲ್ಲಿ ನಗರದ ಕಚೇರಿಯಲ್ಲಿ ದುಡಿದು ಸಂಜೆ ಮರಗಳ ನೆರಳಿನ ಮನೆಗೆ ಮರಳುವುದು ಅನುಕೂಲಸ್ಥರಿಗೆ ಸಾಧ್ಯವಾಯಿತು; 1871ರ ಮಹಾ ಅಗ್ನಿದುರಂತದಲ್ಲಿ ನಗರದ ಬಹುಭಾಗ ಬೂದಿಯಾದುದು ಈ ವಲಸೆಗೆ ಇನ್ನಷ್ಟು ಒತ್ತು ಕೊಟ್ಟಿತು. ವಿನೆಟ್ಕಾ ಮತ್ತು ಗ್ಲೆಂಕೊ 1869ರಲ್ಲಿಯೂ ವಿಲ್ಮೆಟ್ 1872ರಲ್ಲಿಯೂ ಸ್ವತಂತ್ರ ಪುರಗಳಾದುವು. ಜೋಸೆಫ್ ಸಿಯರ್ಸ್ ಎಂಬ ಉದ್ಯಮಿ 1889ರಲ್ಲಿ ನೆಲ ಕೊಂಡು, ಬೀದಿಗಳನ್ನೂ ನಿವೇಶನಗಳನ್ನೂ ತನ್ನ ಇಷ್ಟದಂತೆ ಯೋಜಿಸಿ, ಕೆನಿಲ್‌ವರ್ತನ್ನು ಕಟ್ಟಿಸಿದನು. ಅಲ್ಲಿ ಯಾರು ಮನೆ ಕೊಳ್ಳಬಹುದು, ಯಾರು ಕೊಳ್ಳಬಾರದು ಎಂಬುದೂ ಆ ಯೋಜನೆಯ ಒಂದು ಅಂಗವಾಗಿದ್ದಿತು. ವಿನೆಟ್ಕಾದ ಹವೆ ಮಾತ್ರ ಸ್ವಲ್ಪ ಬೇರೆಯೇ. ಏಕಸ್ವಾಮ್ಯದ ಬೃಹತ್ ಉದ್ಯಮಗಳ ವಿರುದ್ಧ ಗ್ರಂಥ ಬರೆದ ಸುಧಾರಕ ಹೆನ್ರಿ ಡೆಮರೆಸ್ಟ್ ಲಾಯ್ಡ್ ಅಲ್ಲಿ ಮನೆ ಮಾಡಿದ್ದನು. ಊರಿನವರು ಸಭೆ ಸೇರಿ ಸಾರ್ವಜನಿಕ ವಿಷಯಗಳನ್ನು ಚರ್ಚಿಸುವ ಪದ್ಧತಿಗೆ ಪ್ರೋತ್ಸಾಹ ಕೊಟ್ಟವರಲ್ಲಿ ಆತನೊಬ್ಬನು. ಪುರಸಭೆಯೇ ಸ್ವಂತ ವಿದ್ಯುದಾಗಾರವನ್ನು ನಡೆಸುವ ಏರ್ಪಾಡು ಅಲ್ಲಿ 1900ರಿಂದ ಇದೆ. ಸಂಪತ್ತನ್ನು ಸಾರ್ವಜನಿಕ ಕಾರ್ಯಕ್ಕೆ ಧಾರಾಳವಾಗಿ ತೊಡಗಿಸುವ, ಆದರೆ ಆ ಸಾರ್ವಜನಿಕರು ಯಾರೆಂಬುದನ್ನು ಊರಿನ ಮೇರೆಯೊಳಗೇ ನಿಶ್ಚಯಿಸಿಕೊಳ್ಳುವ ಮನೋಧರ್ಮ ಶಾಲೆ ಹುಟ್ಟುವುದಕ್ಕೆ ಮೊದಲೇ ನೆಲೆಯೂರಿದ್ದಿತು.

ಪ್ರೌಢಶಾಲೆಯೆಂಬುದೇ ಆಗ ಅಮೆರಿಕದಲ್ಲಿ ಅಪೂರ್ವ ವಸ್ತು. ಬಾಸ್ಟನ್ ನಗರದಲ್ಲಿ 1821ರಲ್ಲಿ ಮೊದಲ ಸಾರ್ವಜನಿಕ ಪ್ರೌಢಶಾಲೆ ತಲೆಯೆತ್ತಿತಾದರೂ, ಪ್ರಾಥಮಿಕ ಹಂತದಾಚೆಯ ಓದಿಗಾಗಿ ಜನರಿಂದ ಕಂದಾಯ ಎತ್ತುವ ಅಧಿಕಾರ ಊರಿಗಿದೆಯೇ ಎಂಬ ವಿವಾದ ಬಹುಕಾಲ ನಡೆಯಿತು. ಕಲಮಜೂ ಪಟ್ಟಣದ ಮೊಕದ್ದಮೆಯಲ್ಲಿ ಮಿಷಿಗನ್ ರಾಜ್ಯದ ಸರ್ವೋಚ್ಚ ನ್ಯಾಯಾಲಯವು 1874ರಲ್ಲಿ ಆ ಅಧಿಕಾರವನ್ನು ಎತ್ತಿಹಿಡಿದು ಬಾಗಿಲು ತೆರೆಯಿತು. ಇಲಿನಾಯ್ ಇದರಲ್ಲಿ ಒಂದು ಹೆಜ್ಜೆ ಮುಂದಿದ್ದಿತು: ಒಂದೊಂದು ಊರಿಗೆ ನಿಲುಕದ ಪ್ರೌಢಶಾಲೆಯನ್ನು ಹಲವು ಊರುಗಳನ್ನೊಳಗೊಂಡ ಟೌನ್‌ಷಿಪ್ಪೇ ನಡೆಸುವ ಕ್ರಮ ಆ ರಾಜ್ಯದ ಪ್ರಿನ್ಸ್‌ಟನ್ ಎಂಬ ಊರಿನಲ್ಲಿ 1867ರಲ್ಲಿಯೇ ಜಾರಿಗೆ ಬಂದಿದ್ದಿತು. ನ್ಯೂ ಟ್ರಿಯರಿನವರು ಅನುಸರಿಸಿದುದು ಈ ಮಾದರಿಯನ್ನು. ಶತಮಾನದ ಕೊನೆಯ ವರ್ಷಗಳಲ್ಲಿ ಮತದಾರರು ಒಪ್ಪಿಗೆ ಕೊಟ್ಟ ಮೇಲೆ, ವಿನೆಟ್ಕಾದ ದಕ್ಷಿಣದ ಅಂಚಿನಲ್ಲಿ, ಕೆನಿಲ್‌ವರ್ತಿಗೆ ತಾಗಿದಂತೆ, ರೈಲು ನಿಲ್ದಾಣದಿಂದ ನಡೆದುಹೋಗುವಷ್ಟು ದೂರದಲ್ಲಿ ಕಟ್ಟಡವೆದ್ದಿತು. ಪ್ರಾರಂಭದಲ್ಲಿ ವಿದ್ಯಾರ್ಥಿಗಳ ಸಂಖ್ಯೆ ನೂರನ್ನೂ ಮುಟ್ಟಿರಲಿಲ್ಲ. ಅದರಲ್ಲಿ ಆಶ್ಚರ್ಯವೇನೂ ಇಲ್ಲ. 1900ರ ಸುಮಾರಿಗೆ ದೇಶದ ಹದಿನಾಲ್ಕರಿಂದ ಹದಿನೇಳರ ಪ್ರಾಯದವರಲ್ಲಿ ಹತ್ತರಲ್ಲಿ ಒಬ್ಬರಷ್ಟೇ ಪ್ರೌಢಶಾಲೆಯ ಮೆಟ್ಟಿಲು ಹತ್ತುತ್ತಿದ್ದರು.

ಅಲ್ಲಿಂದ ಮುಂದಿನ ನಾಲ್ಕು ದಶಕಗಳಲ್ಲಿ ದೇಶವೆಲ್ಲ ಪ್ರೌಢಶಾಲೆಗೆ ಬಂದಿತು. ಟೌನ್‌ಷಿಪ್ಪಿನ ಜನಸಂಖ್ಯೆಯೂ ಬೆಳೆಯಿತು. ಶಾಲೆ ಕಟ್ಟಡಕ್ಕೆ ಕಟ್ಟಡ ಸೇರಿಸುತ್ತ ಹೋಯಿತು. ಮೊದಲನೆಯ ಮಹಾಯುದ್ಧಕ್ಕೆ ಮುಂಚೆಯೇ ಛಾವಣಿಯಡಿಯ ಈಜುಕೊಳವನ್ನು ಕಟ್ಟಿಸಿಕೊಂಡ ಪ್ರಥಮ ಪ್ರೌಢಶಾಲೆಗಳಲ್ಲಿ ಇದೂ ಒಂದು. ಈಜಿನ ಸ್ಪರ್ಧೆಗಳಲ್ಲಿ ಇಲ್ಲಿಯ ಮಕ್ಕಳು ಮುಂದೆ ರಾಜ್ಯಮಟ್ಟದಲ್ಲಿ ಪಡೆದ ಪ್ರಾಬಲ್ಯಕ್ಕೆ ಬುನಾದಿ ಬಿದ್ದುದು ಆಗಲೇ.

ಈಜುಕೊಳಕ್ಕಿಂತ ಬಹಳ ಹೆಚ್ಚಿನ ಮಹತ್ತ್ವವುಳ್ಳದ್ದು 1920ರ ದಶಕದಲ್ಲಿ ಇಲ್ಲಿ ರೂಪುಗೊಂಡ ಸಲಹಾ ಉಪಾಧ್ಯಾಯರ ಪದ್ಧತಿ. ಶಾಲೆ ಸಾವಿರಾರು ಮಂದಿಯದಾದಾಗ ಒಬ್ಬೊಬ್ಬ ಹುಡುಗನ ಮುಖ ಯಾರಿಗೂ ನೆನಪಿರದೆ ಹೋಗುವುದು ಸ್ವಾಭಾವಿಕ. ಮುಖ್ಯೋಪಾಧ್ಯಾಯನಿಗೆ ಅವನು ದಾಖಲೆಯ ಒಂದು ಸಾಲು, ವಿಷಯೋಪಾಧ್ಯಾಯನಿಗೆ ದಿನದ ಒಂದು ಗಂಟೆ. ಈ ಕೊರತೆಯನ್ನು ತುಂಬುವುದಕ್ಕಾಗಿ ವಿದ್ಯಾರ್ಥಿಗಳನ್ನು ಸುಮಾರು ಇಪ್ಪತ್ತೈದು ಮಂದಿಯ ಸಣ್ಣ ಗುಂಪುಗಳನ್ನಾಗಿ, ಹುಡುಗರನ್ನೂ ಹುಡುಗಿಯರನ್ನೂ ಬೇರೆ ಬೇರೆಯಾಗಿ ವಿಂಗಡಿಸಿ, ಪ್ರತಿ ಗುಂಪಿಗೂ ಒಬ್ಬ ಉಪಾಧ್ಯಾಯನನ್ನು ನೇಮಿಸಿದರು. ಬೆಳಿಗ್ಗೆ ಪಾಠಗಳಿಗೆ ಮುಂಚೆ ಗುಂಪು ತನ್ನ ಕೊಠಡಿಯಲ್ಲಿ ಸೇರುತ್ತದೆ. ಹಾಜರಿ ಹಾಕುವುದು, ಪ್ರಕಟಣೆಗಳನ್ನು ಓದುವುದು ಇವೆಲ್ಲ ನೆಪಮಾತ್ರ. ನಿನ್ನೆ ಗಣಿತದಲ್ಲಿ ಸೋತವನು ಯಾರು, ಮೂರು ದಿನದಿಂದ ಮಾತನಾಡದೆ ಕುಳಿತವಳು ಯಾರು, ಯಾರ ಮನೆಯಲ್ಲಿ ಕಾಯಿಲೆ, ಮುಂದಿನ ವರ್ಷ ಲ್ಯಾಟಿನ್ ತೆಗೆದುಕೊಳ್ಳಲೋ ಫ್ರೆಂಚ್ ತೆಗೆದುಕೊಳ್ಳಲೋ ಎಂದು ತೂಗಾಡುತ್ತಿರುವವರು ಯಾರು ಎಂಬುದನ್ನು ಅರಿಯುವುದು ಆ ಹೊತ್ತಿನ ನಿಜವಾದ ಕೆಲಸ. ಹೊಸದಾಗಿ ಸೇರಿದ ಮಕ್ಕಳ ಮನೆಗಳಿಗೆ ಸಲಹಾ ಉಪಾಧ್ಯಾಯನು ತಾನೇ ಹೋಗಿ ತಂದೆತಾಯಿಯರ ಪರಿಚಯ ಮಾಡಿಕೊಂಡು ಬರುವುದು ಈ ಪದ್ಧತಿಯ ಒಂದು ಅಂಗ. ಮೂಲ ಯೋಜನೆಯಂತೆ ಒಬ್ಬ ಉಪಾಧ್ಯಾಯನು ಒಂದೇ ಗುಂಪಿನೊಡನೆ ನಾಲ್ಕು ವರ್ಷವೂ ಇರುತ್ತಿದ್ದನಾದ್ದರಿಂದ, ಕಾಲೇಜಿಗೆ ಶಿಫಾರಸು ಪತ್ರ ಬರೆಯುವ ವೇಳೆಗೆ ಆತನು ಬರೆಯುತ್ತಿದ್ದುದು ತಾನು ಕಣ್ಣಾರೆ ಕಂಡು ಬೆಳೆಸಿದ ಮಗುವಿನ ವಿಷಯವನ್ನು.

ಈ ಕೆಲಸವನ್ನು ಪಾಠದ ಹೊರೆಯ ಮೇಲೆ ಇನ್ನೊಂದು ಹೊರೆಯಾಗಿ ಹೇರದೆ, ಉಪಾಧ್ಯಾಯನ ವೃತ್ತಿಯ ಭಾಗವೆಂದೇ ಎಣಿಸಿ ಅದಕ್ಕೆಂದು ಹೊತ್ತು ಬಿಟ್ಟುಕೊಟ್ಟದ್ದು ಪದ್ಧತಿ ಬಾಳಿದುದಕ್ಕೆ ಕಾರಣ. ಇತರ ಅನೇಕ ಶಾಲೆಗಳಲ್ಲಿ ಇಂತಹ ಹೊಣೆಯನ್ನು ಪ್ರತ್ಯೇಕ ಮಾರ್ಗದರ್ಶಕರಿಗೆ ಒಪ್ಪಿಸಿರುತ್ತಾರೆ. ಅವರಲ್ಲಿ ಒಬ್ಬೊಬ್ಬರ ಪಾಲಿಗೆ ನೂರಾರು ಮಕ್ಕಳು ಬೀಳುತ್ತಾರೆ. ನೂರು ವರ್ಷಗಳಿಂದ ನಡೆದುಬಂದಿರುವ ಈ ಏರ್ಪಾಡೇ ನ್ಯೂ ಟ್ರಿಯರ್ ಶಿಕ್ಷಣಕ್ಷೇತ್ರಕ್ಕೆ ಕೊಟ್ಟ ನಿಜವಾದ ಕಾಣಿಕೆಯೆಂದು ಈ ಲೇಖಕನ ಅಭಿಪ್ರಾಯ. ಇದಕ್ಕೆ ಬೇಕಾದುದು ಹಣವೇ ಹೌದಾದರೂ, ಅಮೃತಶಿಲೆಯ ಕಟ್ಟಡಗಳಿಗೆ ಬೇಕಾಗುವಂತಹ ಹಣವಲ್ಲ.

ಅದೇ ಕಾಲದಲ್ಲಿ ವಿನೆಟ್ಕಾದ ಪ್ರಾಥಮಿಕ ಶಾಲೆಗಳು ಬೇರೊಂದು ಪ್ರಯೋಗಕ್ಕೆ ಹೆಸರಾಗಿದ್ದುವು. ಅವುಗಳ ಅಧಿಕಾರಿಯಾಗಿ 1919ರಿಂದ 1943ರವರೆಗೆ ಇದ್ದ ಕಾರ್ಲ್‌ಟನ್ ವಾಷ್‌ಬರ್ನ್, ತರಗತಿಯ ಮಕ್ಕಳೆಲ್ಲರೂ ಒಂದೇ ವೇಗದಲ್ಲಿ ಮುಂದುವರಿಯಬೇಕೆಂಬ ಕಟ್ಟುಪಾಡನ್ನು ಕಿತ್ತುಹಾಕಿ, ಪ್ರತಿ ಮಗುವೂ ತನ್ನ ಗತಿಯಲ್ಲಿ ಪಾಠದ ಘಟ್ಟಗಳನ್ನು ದಾಟುವ ವಿನೆಟ್ಕಾ ಯೋಜನೆಯನ್ನು ರೂಪಿಸಿದನು. ಎಲಿಯೆಲ್ ಸಾರಿನೆನ್ ಮತ್ತು ಆತನ ಮಗ ಈರೊ ಸಾರಿನೆನ್ ಇತರ ವಾಸ್ತುಶಿಲ್ಪಿಗಳೊಡನೆ ಕೂಡಿ ರಚಿಸಿದ, 1940ರಲ್ಲಿ ತೆರೆದ ಕ್ರೋ ಐಲೆಂಡ್ ಶಾಲೆ ಈ ವಿಚಾರಗಳಿಗೆ ಇಟ್ಟಿಗೆಯ ರೂಪ ಕೊಟ್ಟ ಕಟ್ಟಡವೆಂದು ವಾಸ್ತುಶಾಸ್ತ್ರದ ಚರಿತ್ರೆಗಳಲ್ಲಿ ಸ್ಥಾನ ಪಡೆದಿದೆ. ಆಡಳಿತದಲ್ಲಿ ಪ್ರೌಢಶಾಲೆ ಇವುಗಳಿಂದ ಸಂಪೂರ್ಣ ಬೇರೆ. ಆರು ಪ್ರತ್ಯೇಕ ಪ್ರಾಥಮಿಕ ಶಾಲಾಮಂಡಲಗಳಿಂದ ಮಕ್ಕಳು ಅದಕ್ಕೆ ಬಂದು ಸೇರುತ್ತಾರೆ. ಹೀಗಾಗಿ ವಿನೆಟ್ಕಾದ ಸ್ವಾತಂತ್ರ್ಯದಲ್ಲಿ ಬೆಳೆದವನೂ ಮತ್ತೊಂದು ಊರಿನ ಶಿಸ್ತಿನಲ್ಲಿ ಬೆಳೆದವನೂ ಒಂದೇ ಬೆಂಚಿಗೆ ಬರುತ್ತಿದ್ದುದುಂಟು.

ಎರಡನೆಯ ಮಹಾಯುದ್ಧದ ಅನಂತರ ಉಪನಗರಗಳು ಉಬ್ಬಿದುವು, ಶಾಲೆ ಕಿಕ್ಕಿರಿಯಿತು. ಪಶ್ಚಿಮದ ನಾರ್ತ್‌ಫೀಲ್ಡಿನಲ್ಲಿ 1965ರಲ್ಲಿ ತೆರೆದ ಎರಡನೆಯ ಶಾಲೆ ಎರಡು ವರ್ಷಗಳಲ್ಲಿ ಸ್ವತಂತ್ರವಾದುದರಿಂದ ಪೂರ್ವ ನ್ಯೂ ಟ್ರಿಯರ್, ಪಶ್ಚಿಮ ನ್ಯೂ ಟ್ರಿಯರ್ ಎಂದು ಎರಡಾದುವು. ಪೂರ್ವದವರ ಕ್ರೀಡಾತಂಡಕ್ಕೆ ಇಂಡಿಯನ್ಸ್ ಎಂಬ ಹೆಸರಿದ್ದುದರಿಂದ ಪಶ್ಚಿಮದವರು ತಮ್ಮನ್ನು ಕೌಬಾಯ್ಸ್ ಎಂದು ಕರೆದುಕೊಂಡರು; ಹಾಲಿವುಡ್ಡಿನ ಸಾಹಸಚಿತ್ರಗಳನ್ನು ನೋಡಿ ಬೆಳೆದ ಪೀಳಿಗೆಯ ಈ ಪರಿಹಾಸದಲ್ಲಿ ಆ ನೆಲದ ಮೂಲನಿವಾಸಿಗಳ ಪಾಡೇನೆಂಬ ಯೋಚನೆ ಯಾರಿಗೂ ಬಂದಂತೆ ಕಾಣುವುದಿಲ್ಲ. 1970ರ ದಶಕದ ಆರಂಭದಲ್ಲಿ ಎರಡೂ ಶಾಲೆಗಳ ಸಂಖ್ಯೆ ಸೇರಿ 6,000ವನ್ನು ಮೀರಿದ್ದಿತು. ಆಮೇಲೆ ಇಳಿತ. ಯುದ್ಧಾನಂತರದ ಸಂತಾನವೃದ್ಧಿಯ ಅಲೆ ಶಾಲೆಯನ್ನು ದಾಟಿಹೋದ ಮೇಲೆ ಎರಡು ಕಟ್ಟಡಗಳನ್ನು ತುಂಬುವಷ್ಟು ಮಕ್ಕಳಿಲ್ಲದೆ, 1981ರಲ್ಲಿ ಎರಡನ್ನೂ ಮತ್ತೆ ಒಂದುಮಾಡಿದರು. 1985ರಲ್ಲಿ ಪಶ್ಚಿಮದ ಕಟ್ಟಡಕ್ಕೆ ಬೀಗ ಬಿದ್ದಿತು. ಬರಿದಾಗಿದ್ದ ಆ ಕಟ್ಟಡದ ವ್ಯಾಯಾಮಶಾಲೆಯಲ್ಲಿ 1990ರ ‘ಹೋಮ್ ಅಲೋನ್’ ಚಲನಚಿತ್ರದ ಮನೆಯ ಒಳಾಂಗಣವನ್ನು ನಿರ್ಮಿಸಿ ಚಿತ್ರೀಕರಿಸಿದುದು ಒಂದು ಸ್ವಾರಸ್ಯ. ಲೋಕದ ಮಕ್ಕಳೆಲ್ಲ ಅಮೆರಿಕದ ಉಪನಗರದ ಮನೆಯೆಂದು ಕಣ್ಣರಳಿಸಿ ನೋಡಿದ ಮೆಟ್ಟಿಲುಗಳೂ ಹಜಾರವೂ ಹೀಗೆ ಮುಚ್ಚಿದ ಸರಕಾರಿ ಶಾಲೆಯೊಂದರ ನೆಲದ ಮೇಲೆ ನಿಂತಿದ್ದುವು. ಸಂಖ್ಯೆ ಮತ್ತೆ ಏರಿದ ಮೇಲೆ, 2001ರಿಂದ ಅದು ಮೊದಲ ವರ್ಷದವರ ಭವನವಾಗಿದೆ.

ಇನ್ನು ಹಣದ ವಿಷಯ. ಶಾಲೆಯನ್ನು ಅರ್ಥಮಾಡಿಕೊಳ್ಳಬೇಕಾದರೆ ಇದನ್ನು ಸಾವಧಾನವಾಗಿ ನೋಡಬೇಕು. ನಮ್ಮಲ್ಲಿ ಸರಕಾರಿ ಶಾಲೆಯ ಉಪಾಧ್ಯಾಯರ ಸಂಬಳ ರಾಜ್ಯದ ಬೊಕ್ಕಸದಿಂದ ಬರುತ್ತದೆ. ಬೆಂಗಳೂರಿನ ಶಾಲೆಗೂ ಬೀದರಿನ ಶಾಲೆಗೂ ಸಂಬಳದ ಶ್ರೇಣಿ ಒಂದೇ. ಇಲಿನಾಯ್ ರಾಜ್ಯದಲ್ಲಿ ಶಾಲಾಮಂಡಲವೆಂಬುದು ತನ್ನದೇ ಮೇರೆಯೂ, ಚುನಾಯಿತರಾದ, ಸಂಬಳವಿಲ್ಲದ ಏಳು ಮಂದಿ ಸದಸ್ಯರ ಆಡಳಿತ ಮಂಡಲಿಯೂ, ಕಂದಾಯ ವಿಧಿಸುವ ಅಧಿಕಾರವೂ ಉಳ್ಳ ಸ್ವತಂತ್ರ ಸರಕಾರ. ಮೇರೆಯೊಳಗಿನ ಮನೆ, ಅಂಗಡಿ, ನಿವೇಶನಗಳ ಬೆಲೆಯನ್ನು ಅಂದಾಜುಮಾಡಿ ಅದರ ಮೇಲೆ ಇಷ್ಟಿಷ್ಟೆಂದು ವಸೂಲುಮಾಡುತ್ತಾರೆ. ವರ್ಷಕ್ಕೆ ಎರಡು ಕಂತಿನಲ್ಲಿ ಮನೆಗೆ ಬರುವ ಕಂದಾಯದ ಪಟ್ಟಿಯಲ್ಲಿ ಪುರಸಭೆಗೆ ಇಷ್ಟು, ಗ್ರಂಥಾಲಯಕ್ಕೆ ಇಷ್ಟು, ಉದ್ಯಾನವನಗಳಿಗೆ ಇಷ್ಟು, ಪ್ರಾಥಮಿಕ ಶಾಲೆಗೆ ಇಷ್ಟು, ಪ್ರೌಢಶಾಲೆಗೆ ಇಷ್ಟು ಎಂದು ಬೇರೆ ಬೇರೆ ಸಾಲುಗಳಿರುತ್ತವೆ. ಶಾಲೆಗಳ ಸಾಲುಗಳೇ ಎಲ್ಲಕ್ಕಿಂತ ದಪ್ಪ. ಮನೆಗಳ ಬೆಲೆ ಎಲ್ಲಿ ಹೆಚ್ಚೋ ಅಲ್ಲಿ ಕಡಿಮೆ ದರದ ಕಂದಾಯದಿಂದಲೇ ಅಪಾರ ಹಣ ಕೂಡುತ್ತದೆ. ಎಲ್ಲಿ ಕಡಿಮೆಯೋ ಅಲ್ಲಿ ದರವನ್ನು ಏರಿಸಿ ಜನರನ್ನು ಹಿಂಡಿದರೂ ಕೂಡುವುದು ಅಷ್ಟಕ್ಕಷ್ಟೆ. ಶಾಲೆ ಒಳ್ಳೆಯದೆಂದು ಮನೆಯ ಬೆಲೆ ಏರುತ್ತದೆ, ಬೆಲೆ ಏರಿತೆಂದು ಶಾಲೆಗೆ ಹಣ ಹೆಚ್ಚುತ್ತದೆ. ಬೋಧನಶುಲ್ಕವಿಲ್ಲದ ಶಾಲೆಯ ಪ್ರವೇಶಶುಲ್ಕವನ್ನು ಹೀಗೆ ಮನೆಯ ಕ್ರಯಪತ್ರದಲ್ಲಿಯೇ ಕಟ್ಟಬೇಕಾಗುತ್ತದೆ.

ಆ ಮನೆಗಳನ್ನು ಎಲ್ಲರಿಗೂ ಮಾರುತ್ತಲೂ ಇರಲಿಲ್ಲ. ಗ್ಲೆಂಕೊದಲ್ಲಿ 1880ರ ದಶಕದಿಂದ ಕಪ್ಪು ಜನಾಂಗದ ಒಂದು ಚಿಕ್ಕ ಸಮುದಾಯ ತನ್ನದೇ ಚರ್ಚು ಕಟ್ಟಿಕೊಂಡು ಬಾಳುತ್ತಿದ್ದಿತು. 1920ರ ದಶಕದಲ್ಲಿ ಊರಿನ ಕೆಲವು ಪ್ರಮುಖರು ಸಂಘ ಕಟ್ಟಿ, ನಿವೇಶನಗಳನ್ನು ತಾವೇ ಕೊಂಡುಹಾಕಿ ಆ ಸಮುದಾಯ ಬೆಳೆಯದಂತೆ ನೋಡಿಕೊಂಡರು. ಇತರ ಪುರಗಳಲ್ಲಿ ಕ್ರಯಪತ್ರದ ಷರತ್ತುಗಳಿಂದಲೋ ದಲ್ಲಾಳಿಗಳ ಮೌನ ಒಪ್ಪಂದದಿಂದಲೋ ಕಪ್ಪು ಜನರನ್ನೂ ಯಹೂದಿಗಳನ್ನೂ ದೂರವಿಟ್ಟರು. ಇಂತಹ ಷರತ್ತುಗಳನ್ನು ನ್ಯಾಯಾಲಯಗಳು ಜಾರಿಗೆ ತರಲಾಗದೆಂದು ದೇಶದ ಸರ್ವೋಚ್ಚ ನ್ಯಾಯಾಲಯ 1948ರಲ್ಲಿ ತೀರ್ಪಿತ್ತ ಮೇಲೆಯೂ ರೂಢಿ ಸಾಯಲಿಲ್ಲ. 1965ರ ಬೇಸಗೆಯಲ್ಲಿ ಸ್ಥಳೀಯರೇ ಕೆಲವರು, ಅವರಲ್ಲಿ ಬಹುಮಂದಿ ಗೃಹಿಣಿಯರು ಮತ್ತು ಕಾಲೇಜು ವಿದ್ಯಾರ್ಥಿಗಳು, ಮನೆಮನೆಗೆ ಹೋಗಿ ಮಾರಾಟದಲ್ಲಿ ಭೇದವೆಣಿಸಬಾರದೆಂಬ ಚಳುವಳಿ ನಡೆಸಿದರು. ಆ ವರ್ಷದ ಜುಲೈ 25ರಂದು ಮಾರ್ಟಿನ್ ಲೂಥರ್ ಕಿಂಗ್ ವಿನೆಟ್ಕಾದ ಬಯಲಿನಲ್ಲಿ ಸಹಸ್ರಾರು ಜನರ ಮುಂದೆ ಭಾಷಣ ಮಾಡಿದರು. ಮಕ್ಕಳನ್ನು ಪರಸ್ಪರ ಪರಿಚಯವಿಲ್ಲದಂತೆ ಬೆಳೆಸುವ ನೆರೆಹೊರೆ ಎರಡು ಕಡೆಯವರಿಗೂ ನಷ್ಟವೆಂಬ ವಾದ ಆ ಚಳುವಳಿಯ ಹಿಂದಿದ್ದಿತು. ವಸತಿಯಲ್ಲಿ ಭೇದವನ್ನು ನಿಷೇಧಿಸುವ ರಾಷ್ಟ್ರೀಯ ಶಾಸನ 1968ರಲ್ಲಿ ಬಂದಿತು. ಆ ಹೊತ್ತಿಗೆ ಮನೆಗಳ ಬೆಲೆಯೇ ಷರತ್ತಿನ ಕೆಲಸವನ್ನು ಮಾಡತೊಡಗಿದ್ದಿತು.

ಹಾರ್ವರ್ಡಿನ ಮಾಜಿ ಅಧ್ಯಕ್ಷ ಜೇಮ್ಸ್ ಕೊನಂಟ್ 1961ರಲ್ಲಿಯೇ ನಗರದ ಕೊಳಚೆಪ್ರದೇಶಗಳ ಶಾಲೆಗಳನ್ನೂ ಉಪನಗರಗಳ ಶಾಲೆಗಳನ್ನೂ ಎದುರುಬದುರು ನಿಲ್ಲಿಸಿ ಗ್ರಂಥ ಬರೆದಿದ್ದರು. ಮುಂದಿನ ದಶಕದಲ್ಲಿ ವಿಷಯ ನ್ಯಾಯಾಲಯ ಹತ್ತಿತು. ಆಸ್ತಿಯ ಕಂದಾಯವನ್ನು ಆಧರಿಸಿದ ಶಾಲಾವೆಚ್ಚದ ತಾರತಮ್ಯ ರಾಷ್ಟ್ರದ ಸಂವಿಧಾನಕ್ಕೆ ವಿರುದ್ಧವಲ್ಲವೆಂದು 1973ರ ಸ್ಯಾನ್ ಆಂ­ಟೋನಿಯೊ ಪ್ರಕರಣದಲ್ಲಿಯೂ, ನಗರದ ಶಾಲೆಗಳ ಜನಾಂಗಭೇದವನ್ನು ನಿವಾರಿಸುವ ಹೊಣೆಯನ್ನು, ತಪ್ಪು ಸಿದ್ಧವಾಗದ ಹೊರತು, ಉಪನಗರಗಳ ಮೇಲೆ ಹೊರಿಸಲಾಗದೆಂದು 1974ರ ಡೆಟ್ರಾಯಿಟ್ ಪ್ರಕರಣದಲ್ಲಿಯೂ ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿತು. ಎರಡರಲ್ಲಿಯೂ ನ್ಯಾಯಾಧೀಶರು ಐವರು ಒಂದು ಕಡೆ, ನಾಲ್ವರು ಒಂದು ಕಡೆ. ಒಬ್ಬೊಬ್ಬ ನ್ಯಾಯಾಧೀಶನ ಮತ ಅತ್ತಿತ್ತ ಆಗಿದ್ದರೆ ಈ ಲೇಖನದ ವಸ್ತುವೇ ಬೇರೆಯಾಗುತ್ತಿದ್ದಿತು. ಇಲಿನಾಯ್ ರಾಜ್ಯದ ಸರ್ವೋಚ್ಚ ನ್ಯಾಯಾಲಯವೂ 1996ರಲ್ಲಿ ಇದು ಶಾಸನಸಭೆಗೆ ಸೇರಿದ ವಿಷಯವೆಂದು ಕೈಬಿಟ್ಟಿತು.

ನ್ಯೂ ಟ್ರಿಯರ್ ಈ ವಾಗ್ವಾದದಲ್ಲಿ ಮನೆಮಾತಾದುದು ಜೊನಾಥನ್ ಕೋಜೋಲ್ 1991ರಲ್ಲಿ ಪ್ರಕಟಿಸಿದ ‘ಸ್ಯಾವೇಜ್ ಇನ್‌ಈಕ್ವಾಲಿಟೀಸ್’ ಎಂಬ ಪುಸ್ತಕದಿಂದ. ಷಿಕಾಗೊ ನಗರದ ಶಾಲೆಗಳ ಪಕ್ಕದಲ್ಲಿ ಈ ಶಾಲೆಯ ಏಳು ವ್ಯಾಯಾಮಶಾಲೆಗಳನ್ನೂ, ಒಲಿಂಪಿಕ್ ಅಳತೆಯ ಈಜುಕೊಳವನ್ನೂ, ಕತ್ತಿವರಸೆಯ ಕೊಠಡಿಯನ್ನೂ, ಲ್ಯಾಟಿನ್ನಿನೊಡನೆ ಕಲಿಸುವ ಇತರ ಆರು ಭಾಷೆಗಳನ್ನೂ ಇಟ್ಟು ತೋರಿಸಿದ ಆ ಪುಸ್ತಕ ಬಹುಜನ ಓದುಗರನ್ನು ಕಲಕಿತು. ಕೋಜೋಲ್ ಶಾಲೆಯ ಪಾಠವನ್ನು ಹಳಿಯಲಿಲ್ಲ. ಇಂತಹುದು ಎಲ್ಲ ಮಕ್ಕಳಿಗೂ ಏಕಿಲ್ಲ ಎಂದಷ್ಟೇ ಕೇಳಿದರು. ಹದಿನೇಳು ವರ್ಷಗಳ ಮೇಲೆ ಅದೇ ಪ್ರಶ್ನೆ ಬಸ್ಸುಗಳಲ್ಲಿ ಬಂದಿತು. 2008ರ ಸೆಪ್ಟೆಂಬರ್ 2ರಂದು, ಶಾಲಾವರ್ಷದ ಮೊದಲ ದಿನ, ಪಾದ್ರಿಯೂ ರಾಜ್ಯ ಸೆನೆಟ್ಟಿನ ಸದಸ್ಯರೂ ಆಗಿದ್ದ ಜೇಮ್ಸ್ ಮೀಕ್ಸ್ ಅವರ ನೇತೃತ್ವದಲ್ಲಿ ಷಿಕಾಗೊದ ಸಾವಿರಕ್ಕೂ ಮಿಕ್ಕ ಮಕ್ಕಳು ತಮ್ಮ ತರಗತಿಗಳನ್ನು ಬಹಿಷ್ಕರಿಸಿ ನಾರ್ತ್‌ಫೀಲ್ಡಿನ ಭವನಕ್ಕೆ ಬಂದು ಪ್ರವೇಶದ ಅರ್ಜಿಗಳನ್ನು ತುಂಬಿದರು. ಶಾಲೆಯವರು ಮರ್ಯಾದೆಯಿಂದಲೇ ಬರಮಾಡಿಕೊಂಡರು. ಮೇರೆಯೊಳಗೆ ವಾಸವಿಲ್ಲದವರಿಗೆ ಪ್ರವೇಶವಿಲ್ಲವೆಂಬುದು ಅರ್ಜಿ ಕೊಟ್ಟವರಿಗೂ ತೆಗೆದುಕೊಂಡವರಿಗೂ ಗೊತ್ತಿದ್ದ ಮಾತು.

ಇಲ್ಲಿ ಓದಿದವರೆಲ್ಲ ಸಿರಿವಂತರೆಂದು ಇದರಿಂದ ಭಾವಿಸಬಾರದು. ಚಲನಚಿತ್ರ ನಟ ರಾಕ್ ಹಡ್ಸನ್ನನ ತಾಯಿ ಟೆಲಿಫೋನ್ ಆಪರೇಟರ್ ಆಗಿದ್ದಳು. ಶಾಲೆಯ ನಾಟಕಗಳಲ್ಲಿ ಮಾತು ನೆನಪಿಟ್ಟುಕೊಳ್ಳಲಾರದೆ ಆ ಹುಡುಗನಿಗೆ ಒಂದು ಪಾತ್ರವೂ ಸಿಕ್ಕಲಿಲ್ಲ. ಸ್ವೀಡನ್ನಿನಿಂದ ವಲಸೆ ಬಂದ ನಟಿ ಆ್ಯನ್-ಮಾರ್ಗ್ರೆಟಳ ಕುಟುಂಬ ವಿಲ್ಮೆಟ್ಟಿನ ಶವಸಂಸ್ಕಾರದ ಸಂಸ್ಥೆಯೊಂದರ ಕೊಠಡಿಗಳಲ್ಲಿ ಬಿಡಾರ ಮಾಡಿದ್ದಿತು. ತಾಯಿಗೆ ಅಲ್ಲಿಯೇ ಕೆಲಸ. ನಟ ಚಾರ್ಲ್‌ಟನ್ ಹೆಸ್ಟನ್ ರಂಗಭೂಮಿಯನ್ನು ಹತ್ತಿದುದು ಈ ಶಾಲೆಯಲ್ಲಿ. ಇಲ್ಲಿ ಕುಸ್ತಿಯಾಡಿ 1950ರಲ್ಲಿ ಹೊರಬಿದ್ದ ಡೊನಾಲ್ಡ್ ರಮ್ಸ್‌ಫೆಲ್ಡ್ ಎರಡು ಬಾರಿ ರಕ್ಷಣಾ ಸಚಿವನಾದನು. ಪಶ್ಚಿಮ ನ್ಯೂ ಟ್ರಿಯರಿನ ವಿದ್ಯಾರ್ಥಿ ರಾಮ್ ಇಮ್ಯಾನುಯೆಲ್ 2011ರಲ್ಲಿ ಷಿಕಾಗೊದ ಮೇಯರಾಗಿ, 2013ರಲ್ಲಿ ಆ ನಗರದ ಸುಮಾರು 50 ಶಾಲೆಗಳನ್ನು ಮುಚ್ಚಿಸಿದನು.

ಇವರೆಲ್ಲರಿಗಿಂತ ಶಾಲೆಗೆ ಹೆಚ್ಚಿನ ಹೆಮ್ಮೆ ತಂದವನು ಜಾಕ್ ಸ್ಟೈನ್‌ಬರ್ಗರ್. ಬವೇರಿಯದ ಬಾಡ್ ಕಿಸಿಂಗೆನ್ ಎಂಬ ಊರಿನಲ್ಲಿ, ಯಹೂದಿ ಪ್ರಾರ್ಥನಾಮಂದಿರದ ಗಾಯಕನೂ ಧರ್ಮೋಪದೇಶಕನೂ ಆಗಿದ್ದವನ ಮಗನಾಗಿ 1921ರಲ್ಲಿ ಹುಟ್ಟಿದ ಇವನನ್ನು, ಹಿಟ್ಲರನ ಆಳ್ವಿಕೆಯಲ್ಲಿ ಯಹೂದಿ ಮಕ್ಕಳಿಗೆ ಓದಿನ ದಾರಿ ಮುಚ್ಚಿದಾಗ, ಅಮೆರಿಕದ ಯಹೂದಿ ದಾನಸಂಸ್ಥೆಗಳು 300 ಮಕ್ಕಳಿಗೆ ಆಶ್ರಯ ಕೊಡಲು ಮುಂದೆ ಬಂದ ಸಂದರ್ಭದಲ್ಲಿ, ತಂದೆತಾಯಿ ಅಣ್ಣನೊಡನೆ ಹಡಗು ಹತ್ತಿಸಿದರು. 1934ರ ಕ್ರಿಸ್ಮಸ್ ಹೊತ್ತಿಗೆ ಬಂದಿಳಿದ ಹದಿಮೂರು ವರ್ಷದ ಬಾಲಕನನ್ನು ಷಿಕಾಗೊದ ಧಾನ್ಯವ್ಯಾಪಾರಿ ಬಾರ್ನೆಟ್ ಫರೋಲ್ ಸಾಕುಮಗನಾಗಿ ಇಟ್ಟುಕೊಂಡು ನ್ಯೂ ಟ್ರಿಯರಿಗೆ ಸೇರಿಸಿದನು. 1938ರಲ್ಲಿ ಹುಡುಗನ ತಂದೆತಾಯಿ ಮತ್ತು ತಮ್ಮನೂ ಅಮೆರಿಕವನ್ನು ಸೇರುವಂತೆ ಮಾಡಿದವನೂ ಅವನೇ. ಮುಂದೆ ಹಗಲು ಪ್ರಯೋಗಾಲಯದಲ್ಲಿ ದುಡಿದು, ಸಂಜೆ ಓದಿ ಭೌತವಿಜ್ಞಾನಿಯಾದ ಸ್ಟೈನ್‌ಬರ್ಗರ್, 1962ರಲ್ಲಿ ಇಬ್ಬರು ಸಹೋದ್ಯೋಗಿಗಳೊಡನೆ ನ್ಯೂಟ್ರಿನೊ ಕಣದಲ್ಲಿ ಎರಡು ಬಗೆಯುಂಟೆಂದು ಸ್ಥಾಪಿಸಿದುದಕ್ಕಾಗಿ 1988ರ ನೊಬೆಲ್ ಪಾರಿತೋಷಿಕದಲ್ಲಿ ಪಾಲು ಪಡೆದನು. ಆ ಚಿನ್ನದ ಪದಕವನ್ನು ಆತನು ಕಾಲೇಜಿಗೂ ಕೊಡಲಿಲ್ಲ, ವಸ್ತುಸಂಗ್ರಹಾಲಯಕ್ಕೂ ಕೊಡಲಿಲ್ಲ; ತನ್ನ ಪ್ರೌಢಶಾಲೆಗೆ ಕೊಟ್ಟನು. ಯಹೂದಿಗಳಿಗೆ ಮನೆ ಮಾರಲು ಹಿಂಜರಿಯುತ್ತಿದ್ದ ಸೀಮೆಯ ನಡುವೆ, ಶಾಲೆಯ ಬಾಗಿಲು ದಾಟಿದವನನ್ನು ಶಾಲೆ ತನ್ನವನೆಂದೇ ಕಂಡಿತೆಂಬುದಕ್ಕೆ ಇದಕ್ಕಿಂತ ಸಾಕ್ಷ್ಯ ಬೇಕಾಗಿಲ್ಲ.

ಪಾಠಕ್ರಮದಲ್ಲಿ ಒಂದೇ ವಿಷಯವನ್ನು ವಿದ್ಯಾರ್ಥಿಯ ಶಕ್ತಿಗೆ ತಕ್ಕಂತೆ ಬೇರೆ ಬೇರೆ ಮಟ್ಟಗಳಲ್ಲಿ ಬೋಧಿಸುವ ಏರ್ಪಾಡಿದೆ. ಮೇಲಿನ ಮಟ್ಟದ ಅಂಕಕ್ಕೆ ತೂಕ ಹೆಚ್ಚು. ಉಪಾಧ್ಯಾಯರಿಗೆ ಅನುಕೂಲವಾದ ಈ ಕ್ರಮ ಮಕ್ಕಳು ಒಬ್ಬರನ್ನೊಬ್ಬರು ಅಳೆಯುವ ಕೋಲಾಗಿಯೂ ಪರಿಣಮಿಸಿದೆಯೆಂಬ ದೂರು ಹಳೆಯದು. ಸಂಗೀತ, ನಾಟಕ, ವೃತ್ತಪತ್ರಿಕೆಗಳಲ್ಲದೆ ವಿದ್ಯಾರ್ಥಿಗಳು ನಡೆಸುವ ರೇಡಿಯೊ ಕೇಂದ್ರವೂ ಶಾಲೆಗಿದೆ. ಜನಾಂಗ ಮತ್ತು ನಾಗರಿಕ ಹಕ್ಕುಗಳನ್ನು ಕುರಿತು 2017ರ ಫೆಬ್ರುವರಿಯಲ್ಲಿ ಏರ್ಪಡಿಸಿದ ಒಂದು ದಿನದ ವಿಚಾರಗೋಷ್ಠಿ ಏಕಪಕ್ಷೀಯವೆಂದು ಕೆಲವು ಪೋಷಕರು ಪ್ರತಿಭಟಿಸಿ ಪತ್ರಿಕೆಗಳಲ್ಲಿ ಕೋಲಾಹಲವೆದ್ದಿತು. ಕಾದಂಬರಿಕಾರ ಕೋಲ್ಸನ್ ವೈಟ್‌ಹೆಡ್ ಭಾಷಣ ಮಾಡಿದ ಆ ಗೋಷ್ಠಿ ನಿಲ್ಲದೆ ನಡೆಯಿತು.

ಧನಿಕರಾದ ಮಾತ್ರಕ್ಕೆ ಇಲ್ಲಿಯ ಮತದಾರರು ಕೇಳಿದಾಗಲೆಲ್ಲ ಕೈಬಿಚ್ಚಿದವರಲ್ಲ. ಹಳೆಯ ಕಟ್ಟಡಗಳ ಪುನರ್ನಿರ್ಮಾಣಕ್ಕಾಗಿ 2010ರಲ್ಲಿ ಕೇಳಿದ 17 ಕೋಟಿ 40 ಲಕ್ಷ ಡಾಲರುಗಳ ಸಾಲಪತ್ರವನ್ನು ಅವರು ತಿರಸ್ಕರಿಸಿದರು. ಯೋಜನೆಯನ್ನು ಮೊಟಕುಗೊಳಿಸಿ 2014ರಲ್ಲಿ 8 ಕೋಟಿ 90 ಲಕ್ಷವನ್ನು ಕೇಳಿದಾಗ ಒಪ್ಪಿದರು. ಆ ಹಣದಿಂದ ಕಟ್ಟಿದ ಹೊಸ ಭಾಗ 2017ರಲ್ಲಿ ತೆರೆಯಿತು. ಅದೇ ವರ್ಷದ ಆಗಸ್ಟಿನಲ್ಲಿ ಇಲಿನಾಯ್ ಶಾಸನಸಭೆ, ರಾಜ್ಯ ಕೊಡುವ ಹೊಸ ಹಣದ ಹೆಚ್ಚಿನ ಪಾಲು ಅತಿ ಕಡಿಮೆ ಸಾಧನವುಳ್ಳ ಶಾಲಾಮಂಡಲಗಳಿಗೆ ಹೋಗುವಂತೆ ಕಾನೂನು ಮಾಡಿತು. ಬಡ ಮಂಡಲಗಳನ್ನು ಮೇಲೆತ್ತುವ ಈ ಕಾನೂನು ಧನಿಕ ಮಂಡಲಗಳ ಕಂದಾಯವನ್ನು ಮುಟ್ಟಿಲ್ಲ. ನ್ಯೂ ಟ್ರಿಯರಿನ ಆದಾಯದ ಬಹುಭಾಗ ಇಂದಿಗೂ ಟೌನ್‌ಷಿಪ್ಪಿನ ಮನೆಗಳ ಮೇಲಿನ ತೆರಿಗೆಯಿಂದಲೇ ಬರುತ್ತಿದೆ.